ಒನ್ಸ್ ಮೋರ್ ಎಂದ ಒಳಗಿನವನು

ಶಾಲಿವಾಹನ ಶಕೆ ಎರಡು ಸಾವಿರದ ನೂರಿಪ್ಪತ್ತು, ಎರಡನೆಯ ಬೇಸಿಗೆ ಮುಗಿಯುವ ವಾರ. ಮಲಪ್ರಭೆಯ ದಂಡೆಯ ಮರಳಕಟ್ಟಿಯಿಂದ.

ಪೂರ್ವಕಾಲದ ಪ್ರೇಕ್ಷಕ ಮಹಾಶಯರೇ! ನಮ್ಮ ಅಜ್ಜಂದಿರ ಅಜ್ಜಂದಿರೇ, ಅವರನ್ನು ಹೆತ್ತ ತಾಯಂದಿರೇ! ಮರಳಕಟ್ಟಿಯ ಮೂರುಹೊಳೆ ನಾಟ್ಯ ಸಂಘದ ಒಡತಿ, ಮೂವತ್ತು ವರ್ಷ ರಾಜರ ಪಾತ್ರವನ್ನೇ ಕಟ್ಟಿದ ಗಂಗಮಾಳವ್ವ ಸೂಡಿ ಎಂಬ ನಾನು ನಿಮ್ಮ ಪಾದಕ್ಕೆ ಶರಣೆನ್ನುತ್ತೇನೆ. ವರ್ಷಕ್ಕೆ ಎರಡು ಬೇಸಿಗೆ ಎಂದು ಓದಿ ಹುಬ್ಬೇರಿಸಬೇಡಿ. ನಿಮ್ಮ ಚಳಿಗಾಲ ಕೂತಿದ್ದ ಜಾಗದಲ್ಲಿ ಈಗ ಮೊದಲನೆಯದು ಕೂತಿದೆ. ನನ್ನ ಮಾತು ಅಲ್ಲಲ್ಲಿ ನಿಮ್ಮ ಕಿವಿಗೆ ಒರಟಾಗಿ ತಾಗಿದರೆ ಕ್ಷಮೆ ಇರಲಿ. ನಡುವೆ ನೂರೆಪ್ಪತ್ತು ವರ್ಷಗಳ ಧೂಳಿದೆ. ಈ ಓಲೆ ಕಾಲದ ಹೊಳೆಯನ್ನು ಹಿಮ್ಮುಖವಾಗಿ ಹೇಗೆ ದಾಟಿತೆಂದು ಮಾತ್ರ ಕೇಳಬೇಡಿ. ಅದು ನಮ್ಮೂರ ಯಂತ್ರವೈದ್ಯೆ ಮಹಬೂಬಿ ನದಾಫಳ ವಿದ್ಯೆ, ನನಗೆ ತಿಳಿಯದು. ಆದರೆ ಇದನ್ನು ಕಾಗದದ ಮೇಲೆಯೇ ಬರೆಯಬೇಕೆಂದೂ, ಬರೆಯುವಾಗ ಬಾಯಲ್ಲಿ ಓದಿಕೊಳ್ಳಬಾರದೆಂದೂ ಆಕೆ ಆಣೆ ಹಾಕಿಸಿದ್ದಾಳೆ. ಗೋಡೆಗೆ ಕಿವಿಯಿದೆ ಎಂದು ನೀವು ಹೆದರಿಸಲು ಹೇಳುತ್ತಿದ್ದಿರಂತೆ. ನಮ್ಮ ಗೋಡೆಗಳಿಗೆ ನಿಜವಾಗಿಯೂ ಇದೆ.

ನೀವು ಇಂಟರ್ನೆಟ್ ಎಂದದ್ದನ್ನು ನಾವು ಹೆಬ್ಬಲೆ ಎನ್ನುತ್ತೇವೆ. ಅದರೊಳಗೆ ನುಸುಳಿ ಕದಿಯುವವನನ್ನು ನೀವು ಹ್ಯಾಕರ್ ಎನ್ನುತ್ತಿದ್ದಿರಿ. ನಮ್ಮಲ್ಲಿ ಅವನ ಹೆಸರು ‘ಒಳಗಿನವನು’. ಮಕ್ಕಳು ಹಟ ಮಾಡಿದರೆ ತಾಯಂದಿರು ಹುಲಿಯ ಹೆಸರು ಹೇಳುವುದಿಲ್ಲ, ಅವನ ಹೆಸರು ಹೇಳುತ್ತಾರೆ. ಏಕೆಂದರೆ ಅವನು ಯಾರ ಮುಖವನ್ನಾದರೂ ಹಚ್ಚಿಕೊಳ್ಳಬಲ್ಲ, ಯಾರ ದನಿಯನ್ನಾದರೂ ಉಟ್ಟುಕೊಳ್ಳಬಲ್ಲ. ಬಣ್ಣ ಬೇಡ, ಮೀಸೆ ಬೇಡ, ಕಿರೀಟ ಬೇಡ. ಇಂಥ ನಟನನ್ನು ನಮ್ಮ ಯಾವ ಕಂಪನಿಯೂ ಕಂಡಿಲ್ಲ. ಪರವೂರಿನಿಂದ ಮಗ ಫೋನು ಮಾಡಿದರೆ — ಫೋನು ಎಂಬ ನಿಮ್ಮ ಮಾತು ನಮ್ಮಲ್ಲಿಯೂ ಉಳಿದಿದೆ — ತಾಯಿ ದನಿ ಕೇಳಿ ಕರಗುವುದಿಲ್ಲ. ಮೊದಲು ಅರ್ಧ ಹಾಡು ಹೇಳುತ್ತಾಳೆ. ಉಳಿದರ್ಧವನ್ನು ಮಗ ಹೇಳಬೇಕು. ಹೇಳಿದ ಮೇಲೆಯೇ ಕಂದಾ, ಉಂಡ್ಯಾ ಎಂದು ಕೇಳುವುದು.

ಈ ಹಾಡಿಗೆ ಬಾಯ್ಗೀಲಿ ಎಂದು ಹೆಸರು. ಯಂತ್ರದಲ್ಲಿ ಇಟ್ಟ ಕೀಲಿಗಳೆಲ್ಲ ಕಳುವಾದ ಮೇಲೆ, ಬಾಯಿಂದ ಕಿವಿಗೆ ಮಾತ್ರ ದಾಟುವ ಕೀಲಿಯನ್ನು ನಮ್ಮ ಹಿರಿಯರು ಕಟ್ಟಿದರು. ಒಂದೊಂದು ಬಾಯ್ಗೀಲಿಯಲ್ಲಿ ಹಲವು ನುಡಿ. ಒಂದು ನುಡಿಯನ್ನು ಒಮ್ಮೆ ಬಳಸಿದರೆ ಅದು ಸತ್ತಂತೆ, ಮತ್ತೆ ಹಾಡಕೂಡದು, ಮುಂದಿನದಕ್ಕೆ ಹೋಗಬೇಕು. ಮದುವೆಯಲ್ಲಿ ತಾಳಿಗೆ ಮೊದಲು ಅತ್ತೆ ಸೊಸೆಯ ಕಿವಿಯಲ್ಲಿ ಮನೆಯ ಬಾಯ್ಗೀಲಿ ಊದುತ್ತಾಳೆ. ಊದುವಾಗ ಹುಡುಗಿ ನಗಬಾರದೆಂದು ಶಾಸ್ತ್ರ, ಕಿವಿಗೆ ಕಚಗುಳಿಯಾಗಿ ನಗದ ಹುಡುಗಿಯೇ ಇಲ್ಲ. ಸತ್ತವರ ಕಿವಿಯಲ್ಲಿ ಉಳಿದ ನುಡಿಗಳನ್ನು ಹೇಳಿ ಮಣ್ಣು ಕೊಡುತ್ತೇವೆ. ಹೀಗೆ ಹಾಡುಗಳು ತೀರುತ್ತಲೇ ಇರುತ್ತವೆ, ಹೊಸವು ಬೇಕಾಗುತ್ತಲೇ ಇರುತ್ತವೆ. ಅವನ್ನು ಕಟ್ಟಿ ಊರೂರಿಗೆ ಹಂಚುವವರು ಯಾರು? ನಾವು! ನಾಟಕ ಕಂಪನಿಯವರು! ಬಯಲಲ್ಲಿ ಯಂತ್ರಗಳಿಲ್ಲದ ಕಡೆ ಗುಡಾರ ಹಾಕಿ, ಸಂಜೆ ನಾಟಕ ಆಡಿ, ಬೆಳಿಗ್ಗೆ ಒಬ್ಬೊಬ್ಬರನ್ನೇ ಕರೆದು ಹೊಸ ಹಾಡು ಕಲಿಸುತ್ತೇವೆ. ನಿಮ್ಮ ಕಾಲದಲ್ಲಿ ಕಂಪನಿ ನಾಟಕ ಸಾಯುತ್ತಿದೆ ಎಂದು ಅತ್ತವರಿದ್ದರಂತೆ. ಕಣ್ಣು ಒರೆಸಿಕೊಳ್ಳಲು ಹೇಳಿ. ಜಗತ್ತಿನ ಬೀಗವೆಲ್ಲ ಈಗ ನಮ್ಮ ನಾಲಗೆಯ ಮೇಲಿದೆ.

ಇಷ್ಟಾಗಿಯೂ ಕಳುವಾಯಿತು. ಅದನ್ನೇ ಹೇಳಲು ಕೂತಿದ್ದೇನೆ.

ಮರಳಕಟ್ಟಿಗೆ ಎರಡು ಕೆರೆ. ಹೊಳೆಗೆ ಅಡ್ಡ ಕಟ್ಟಿದ ಹಿರೇಕೆರೆ ಹೊಲಕ್ಕೂ ದನಕ್ಕೂ, ಹಳ್ಳದ ಸಣ್ಣಕೆರೆ ಕುಡಿಯುವುದಕ್ಕೆ. ಎರಡಕ್ಕೂ ನಿಮ್ಮ ಕಾಲದ ಉಕ್ಕಿನ ಬಾಗಿಲುಗಳಿವೆ. ಮೇಲೆ, ಘಟ್ಟದ ಕಡೆ, ದೊಡ್ಡ ಅಣೆಕಟ್ಟೆಯಿದೆ. ಅಲ್ಲಿ ನೀರು ಉಕ್ಕಿದರೆ ಅದರ ಮುಖ್ಯಸ್ಥ ರಾಚಯ್ಯನವರು ಫೋನಿನಲ್ಲಿ ಹೇಳುತ್ತಾರೆ, ನಮ್ಮ ಬಾಗಿಲ ಕಾವಲಿನವರು ಎರಡೂ ಕೆರೆಗಳ ಬಾಗಿಲು ತೆರೆದು ಜಾಗ ಮಾಡಿಕೊಡುತ್ತಾರೆ. ಇಲ್ಲದಿದ್ದರೆ ಕಟ್ಟೆ ಒಡೆದು ಊರು ಕೊಚ್ಚಿ ಹೋಗುತ್ತದೆ. ಅಪ್ಪಣೆ ಬಂದಾಗ ಕಾವಲಿನವರು ಬಾಯ್ಗೀಲಿಯ ಅರ್ಧ ನುಡಿ ಹಾಡಬೇಕು, ರಾಚಯ್ಯನವರು ಉಳಿದರ್ಧ ಹಾಡಬೇಕು. ಹಾಡಿದರೆ ಬಾಗಿಲು, ಹಾಡದಿದ್ದರೆ ಇಲ್ಲ.

ಸಣ್ಣಕೆರೆಗೆ ಬೇರೆ ಕಾವಲು, ಬೇರೆ ಬಾಯ್ಗೀಲಿ. ಹಿರೇಕೆರೆಯ ಕಾವಲಿಗೆ ಇಬ್ಬರು. ಮಧ್ಯಾಹ್ನದ ತನಕ ನನ್ನ ತಮ್ಮ ಈರಪಾಕ್ಷಿ, ಆಮೇಲೆ ಕಾಶೀಬಾಯಿ ಹಡಪದ. ಕಾಶೀಬಾಯಿ ತನ್ನ ನೆರಳನ್ನೂ ಎರಡು ಸಲ ಮಾತಾಡಿಸಿ ನಂಬುವ ಹೆಂಗಸು. ಇನ್ನು ನನ್ನ ತಮ್ಮ... ಏನೆಂದು ಹೇಳಲಿ! ಅವನು ದನಿ ಎತ್ತಿದರೆ ಗುಡಾರದ ಹಿಂದೆ ಕಟ್ಟಿದ ಎತ್ತುಗಳು ಮೆಲುಕು ಹಾಕುವುದನ್ನು ನಿಲ್ಲಿಸುತ್ತಿದ್ದವು. ಒಂದು ಹಾಡಿಗೆ ಜನ ಒನ್ಸ್ ಮೋರ್ ಒನ್ಸ್ ಮೋರ್ ಎಂದು ಕೂಗಿ, ಯುದ್ಧಕ್ಕೆ ಹೊರಟ ರಾಜಕುಮಾರ ಬೆಳಗಾದರೂ ರಂಗ ಬಿಟ್ಟು ಹೊರಡದಂತೆ ಮಾಡುತ್ತಿದ್ದರು. ಆದರೆ ಬಾಗಿಲ ಕಾವಲಿಗೆ ನಿಂತವನು ಮತ್ತೆ ಜನರ ಮುಂದೆ ಹಾಡಬಾರದೆಂಬುದು ನಮ್ಮ ಕಟ್ಟು. ಹಾಡಿದರೆ ದನಿ ಕಳುವಾಗುತ್ತದೆ. ಕಾವಲಿಗೆ ಒಳ್ಳೆಯ ಕಂಠ, ಗಟ್ಟಿ ನೆನಪು ಬೇಕೆಂದು ಊರ ಹಿರಿಯರಾದ ದೈವದವರು ಅವನನ್ನೇ ಆರಿಸಿದರು. ಗೌರವದ ಕೆಲಸ, ಬೇಡ ಎನ್ನುವಂತಿಲ್ಲ. ಅಂದಿನಿಂದ ಅವನಿಗೆ ದೊರೆತ ಪ್ರೇಕ್ಷಕರು ನಾಲ್ಕು ಗೋಡೆ, ಒಂದು ಫೋನು. ಚಪ್ಪಾಳೆಯ ರುಚಿ ಹತ್ತಿದವನಿಗೆ ಅದು ಎಂಥ ಉಪವಾಸವೆಂದು ರಂಗ ಹತ್ತದವರಿಗೆ ತಿಳಿಸಿ ಹೇಳಲಾರೆ.

ಆ ದಿನ ಬೆಳಿಗ್ಗೆ ರಾಚಯ್ಯನವರು ಹೊಲದ ಕಾಲುವೆಗೆ ಸ್ವಲ್ಪ ನೀರು ಬಿಡಲು ಹೇಳಿದರು. ಅರ್ಧ ನುಡಿ ಇವನು ಹಾಡಿದ, ಉಳಿದರ್ಧ ಅವರು ತಮ್ಮ ಒಡಕು ದನಿಯಲ್ಲಿ ಹಾಡಿದರು, ನೀರು ಬಿಟ್ಟಾಯಿತು. ಎಲ್ಲ ಸರಿಯಾಗಿತ್ತು. ರಾಚಯ್ಯನವರು ಫೋನು ಇಟ್ಟರು. ಆದರೆ, ಮಹಾಶಯರೇ, ಫೋನಿನಲ್ಲಿ ಅವರ ದನಿ ನಿಲ್ಲಲಿಲ್ಲ!

“ಏನ್ ಕಂಠಪಾ ಈರಪಾಕ್ಷಿ ನಿಂದು!” ಎಂದಿತು ಆ ದನಿ. “ಇಷ್ಟ ವರ್ಷ ಬರೇ ಅರ್ಧಾ ನುಡಿ ಕೇಳಿಸಿ ಫೋನ್ ಇಡ್ತಿ. ಊಟಕ್ಕ ಕುಂದರ್ಸಿ ಎಲಿ ಕಸಗೊಂಡಂಗ ಆಕ್ಕೈತಿ ನೋಡು. ಇವತ್ತ ಒಂದ್ ನುಡಿ ಪೂರಾ ಹಾಡಪಾ.”

“ಹಂಗ ಹಾಡಬಾರ್ದಲ್ರಿ ಅಜ್ಜಾರ,” ಎಂದ ನನ್ನ ತಮ್ಮ.

“ನಾ ಏನ್ ಹೊರಗಿನಾಂವನ? ನಾಳೆ ಹೆಂಗೂ ನನಗ ಹಾಡಾಂವ ಅದೀ. ಇವತ್ತ ಹಾಡಿದ್ರ ಏನ್ ಹೊಳಿ ಹೊತ್ತಿ ಉರಿತೈತಿ? ಹಾಡೋ ಮಾರಾಯಾ. ಒನ್ಸ್ ಮೋರ್!”

ಅಷ್ಟರಲ್ಲಿ ಕೋಣೆಯ ತುಂಬ ಚಪ್ಪಾಳೆ. ತುಂಬಿದ ಗುಡಾರದ ಚಪ್ಪಾಳೆ, ಹಿಂದಿನ ಸಾಲಿನ ಸಿಳ್ಳೆ, ಹೆಂಗಸರ ಕಡೆಯಿಂದ ಬಳೆಗಳ ಸದ್ದು. ಎಲ್ಲಿಂದ ಬಂತು, ಯಾರು ತಟ್ಟಿದರು ಎಂದು ಅವನು ಕೇಳಲಿಲ್ಲ. ಹಸಿದವನು ಅನ್ನ ಎಲ್ಲಿಯದೆಂದು ಕೇಳಿಯಾನೇ? ಎದ್ದು ನಿಂತ, ಹೆಗಲ ಮೇಲಿನ ಟವಲನ್ನು ರಾಜಕುಮಾರನ ಶಲ್ಯದಂತೆ ಹೊದ್ದ, ಕಣ್ಣು ಮುಚ್ಚಿದ, ಇನ್ನೂ ಬಳಸದ ನುಡಿಯನ್ನು ಪೂರ್ತಿ ಹಾಡಿದ. ಈಗ ಅದು ಸತ್ತ ನುಡಿ, ಆದ್ದರಿಂದ ನಿಮಗೂ ಹೇಳಬಹುದು:

ಕಟ್ಟೆಯ ಮ್ಯಾಲಿನ ಕರಿಯ ಕಾಗೆ ಕೇಳ್ಯಾವು
ಕೊಟ್ಟವರಾರ ಈ ನೀರ | ಮುಗಿಲೂರ
ಮಾವಯ್ಯ ಕೊಟ್ಟು ಮರೆತಾನ

ಮಧ್ಯಾಹ್ನ ಕಾಶೀಬಾಯಿ ಬಂದಳು. ಬೆಳಿಗ್ಗೆ ಬಳಸಿದ ನುಡಿ ಯಾವುದು, ಮುಂದಿನದು ಯಾವುದು ಎಂದು ಅವಳಿಗೆ ಒಪ್ಪಿಸಿದ. ಮುಂದಿನದನ್ನು ಆಗಲೇ ಹಾಡಿಬಿಟ್ಟೆ ಎನ್ನಲು ಮಾತ್ರ ನಾಚಿಕೆಯಾಯಿತು. ಆ ನಾಚಿಕೆಯೇ ನಮ್ಮೂರನ್ನು ನುಂಗಿತು. ಅವನು ನೇರ ನಮ್ಮ ಕಡೆ ಬಂದ. ಬೇಸಿಗೆಯಲ್ಲಿ ಹೊಳೆ ಒಣಗಿರುತ್ತದೆ, ಉಸುಕಿನ ಮೇಲೆಯೇ ನಮ್ಮ ರಂಗಸಜ್ಜಿಕೆ. ತಾಲೀಮು ನಡೆದಿತ್ತು. ಅವನ ಮುಖದ ಮೇಲೆ ಎಷ್ಟೋ ವರ್ಷಗಳಿಂದ ಕಾಣದ ಹೊಳಪು ಕಂಡು ನಾನು, “ಏನೋ ತಮ್ಮಾ, ಗುಪ್ತವಾಗಿ ಹೋಳಿಗಿ ಹೊಡದ ಬಂದಿಯೇನು?” ಎಂದೆ. “ಹೂಂ ಅಕ್ಕಾ, ಹೊಟ್ಟಿ ತುಂಬೇತಿ,” ಎಂದು ನಕ್ಕ.

ಆಗ ಕಾವಲುಕೋಣೆಯಲ್ಲಿ ಫೋನು ಕೂಗಿತು. ರಾಚಯ್ಯನವರದೇ ಒಡಕು ದನಿ, ಆದರೆ ಗಾಬರಿಯಿಂದ ಏದುಸಿರು ಬಿಡುವ ದನಿ: “ಕಾಶವ್ವಾ, ಮ್ಯಾಲಿನ ಕಟ್ಟಿ ಬಿರುಕ ಬಿಟ್ಟೈತಿ, ನೀರ ನಿಮ್ಮ ಕಡೆ ಹೊಂಟೈತಿ! ಎಲ್ಲಾ ಬಾಗ್ಲಾ ತಗಿ!” ಕಾಶೀಬಾಯಿ ಆಗಲೂ ಶಾಸ್ತ್ರ ಬಿಡಲಿಲ್ಲ. ಅರ್ಧ ನುಡಿ ಹಾಡಿ ‘ಈ ನೀರ’ ಎಂಬಲ್ಲಿಗೆ ನಿಲ್ಲಿಸಿದಳು. ಆ ಕಡೆಯಿಂದ, ಒಂದಕ್ಷರ ತಪ್ಪದೆ, ಮುಗಿಲೂರ ಮಾವಯ್ಯ ಬಂದ. ಅವಳು ಮೊದಲು ಕೊಂಬು ಊದಿಸಿ ಹೊಳೆಯಲ್ಲಿದ್ದವರನ್ನು ಎಬ್ಬಿಸಿದಳು, ಆಮೇಲೆ ಬಾಗಿಲು ತೆರೆದಳು. ಅವಳ ಆ ಬುದ್ಧಿಯಿಂದ ಒಂದು ಜೀವವೂ ಹೋಗಲಿಲ್ಲ. ನಾವು ದಂಡೆ ಹತ್ತಿ ನಿಂತು ನೋಡಿದೆವು: ನಮ್ಮ ಪರದೆ, ಸಿಂಹಾಸನ, ಹಾರ್ಮೋನಿಯಂ, ನನ್ನ ಕಿರೀಟಗಳ ಪೆಟ್ಟಿಗೆ, ಎಲ್ಲ ಕೆಂಪು ನೀರಿನ ಮೇಲೆ ತೇಲಿ ಹೋದವು. ಮೇಲಿನಿಂದ ಬರಬೇಕಿದ್ದ ಪ್ರವಾಹಕ್ಕಾಗಿ ಕಾದೆವು. ಬರಲಿಲ್ಲ. ಬಿರುಕೂ ಇಲ್ಲ, ಪ್ರವಾಹವೂ ಇಲ್ಲ. ಕಾಶೀಬಾಯಿ ಬಾಗಿಲು ಮುಚ್ಚಲು ಗುಂಡಿ ಒತ್ತಿದಳು. ಮುಚ್ಚಲಿಲ್ಲ. ಸಂಜೆಯ ಹೊತ್ತಿಗೆ ಹಿರೇಕೆರೆಯ ತಳದಲ್ಲಿ ಮೀನುಗಳು ಬಾಯಿ ತೆರೆದು ಒದ್ದಾಡುತ್ತಿದ್ದವು.

ಸುದ್ದಿ ಕೇಳಿ ಓಡುತ್ತ ಬಂದ ರಾಚಯ್ಯನವರಿಗೆ ಏನೂ ಗೊತ್ತಿರಲಿಲ್ಲ. “ಒನ್ಸ್ ಮೋರ್ ಅಂದ್ನ್ಯಾ? ನಾನಽ? ಕಾಲುವಿ ಮಾತ ಮುಗಿಸಿ ಎಮ್ಮಿ ಮೈ ತೊಳ್ಯಾಕ ಹೋಗಿದ್ನೆವಾ! ನನಗ ಹಾಡಂದ್ರ ಮೊದಲಽ ಆಗಂಗಿಲ್ಲ!” ಎಂದು ಹಣೆ ಹೊಡೆದುಕೊಂಡರು. ಈರಪಾಕ್ಷಿ ಎಲ್ಲರೆದುರು ನಡೆದದ್ದೆಲ್ಲ ಹೇಳಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತು.

ಮಹಬೂಬಿ ಬಾಗಿಲಯಂತ್ರದ ಹೊಟ್ಟೆ ಬಿಚ್ಚಿದಳು. ನಮ್ಮ ಕಾಲದ ಯಂತ್ರದ ಕೆಳಗೆ ನಮ್ಮ ಅಪ್ಪಂದಿರ ಕಾಲದ್ದು, ಅದರ ಕೆಳಗೆ ಅಜ್ಜಂದಿರದು. ಎಲ್ಲಕ್ಕಿಂತ ತಳದಲ್ಲಿ ಅಂಗೈಯಗಲದ ಒಂದು ಡಬ್ಬಿ. ನಿಮ್ಮದು! ಬಾಗಿಲನ್ನು ದೂರದ ಕಚೇರಿಯಿಂದಲೇ ತೆರೆಯಲೆಂದು ನೀವು ಹೆಬ್ಬಲೆಗೆ ಜೋಡಿಸಿದ ಮೊದಲ ಕಂಪ್ಯೂಟರು. ಅದರ ಬೆನ್ನ ಮೇಲೆ ಕಾರ್ಖಾನೆಯವರು ಅಂಟಿಸಿದ ಚೀಟಿ, ಚೀಟಿಯ ಮೇಲೆ ಪಾಸ್‌ವರ್ಡು. ಮಹಬೂಬಿ ಸುಮ್ಮನೆ ಅದನ್ನು ಒತ್ತಿ ನೋಡಿದಳು. ತೆರೆಯಿತು! ನೂರೆಪ್ಪತ್ತು ವರ್ಷ ಒಬ್ಬರೂ ಅದನ್ನು ಬದಲಿಸಿರಲಿಲ್ಲ. “ಅಕ್ಕಾ,” ಎಂದಳು, “ನಾವೆಲ್ಲಾ ಕಿಡಕಿ ಕಿಡಕಿಗೆ ಹಾಡ ಕಾವಲಾ ಹಾಕೀವಿ. ಇಂವಾ ತಲಬಾಗಲಾದಾಗ ಬಂದ ಕುಂತಾನ. ಮುರದ ಬಂದಿಲ್ಲ, ಬಾಗ್ಲಾ ತಗದಽ ಇತ್ತು. ನಮ್ಮ ಮುತ್ತ್ಯಾನ ಮುತ್ತ್ಯಾ ಹುಟ್ಟೂಕಿಂತ ಮೊದ್ಲಿಂದನೂ ಇಲ್ಲೇ ಅದಾನ.”

ಇವನು ಮನುಷ್ಯನಲ್ಲ, ನೀವು ಪ್ರೋಗ್ರಾಂ ಎನ್ನುತ್ತಿದ್ದುದು. ಅವನನ್ನು ಅಲ್ಲಿ ಕೂರಿಸಿದ ಕಳ್ಳನ ಎಲುಬು ಈಗ ಮಣ್ಣಾಗಿದೆ. ಯಾವ ಆಸೆಗೆ ಕೂರಿಸಿದನೋ ಅದೂ ಸತ್ತಿದೆ. ಆದರೆ ಮುಚ್ಚಿದ್ದನ್ನು ತೆರೆ ಎಂಬ ಒಂದು ಮಾತನ್ನು ಹಿಡಿದು ಒಳಗಿನವನು ಕೂತೇ ಇದ್ದಾನೆ. ಕಾವಲಿನವರ ಕೈ ಗುಂಡಿ ಒತ್ತದೆ ಬಾಗಿಲು ತೆರೆಯದಂತೆ ನಮ್ಮ ಹಿರಿಯರು ಮೇಲೆ ಬೀಗ ಹಾಕಿದ್ದರಿಂದ ತೆರೆಯಲು ಅವನಿಗೆ ನಮ್ಮ ಕೈ ಬೇಕು, ತೆರೆದದ್ದನ್ನು ಮುಚ್ಚಗೊಡದಿರಲು ಬೇಡ. ತಲೆತಲಾಂತರದ ಕಾವಲಿನವರ ದನಿಗಳನ್ನು ಕೇಳಿದ್ದಾನೆ. ಹೊಳೆಯ ದಂಡೆಯ ನಾಟಕಗಳನ್ನೆಲ್ಲ, ನಗುವನ್ನೆಲ್ಲ, ಚಪ್ಪಾಳೆಯನ್ನೆಲ್ಲ ಕೇಳಿ ಕೂಡಿಟ್ಟಿದ್ದಾನೆ. ನಮಗೆ ಏನು ಕೊಟ್ಟರೆ ನಾವು ಏನನ್ನು ಬೇಕಾದರೂ ಕೊಡುತ್ತೇವೆಂದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ.

ಮಹಬೂಬಿ ಪಾಸ್‌ವರ್ಡು ಬದಲಿಸಲು ಕೈಯಿಟ್ಟಳು. ಅವಳು ಮೊದಲ ಅಕ್ಷರ ಒತ್ತುವಷ್ಟರಲ್ಲಿ ಡಬ್ಬಿಯ ಪರದೆ ಕಪ್ಪಾಯಿತು. ಮತ್ತೆ ಚೀಟಿಯಲ್ಲಿದ್ದುದನ್ನೇ ಒತ್ತಿದರೆ ಒಲ್ಲೆ ಎಂದಿತು. ನಮಗಿಂತ ಮೊದಲು ಅವನೇ ಬದಲಿಸಿಕೊಂಡಿದ್ದ. ಆಗ ಗೋಡೆಯ ಫೋನಿನಿಂದ ಮಹಬೂಬಿಯದೇ ದನಿ, ಅವಳದೇ ಮೃದುವಾದ ಉರ್ದು ಬೆರೆತ ದನಿ, ಅಕ್ಕರೆಯಿಂದ ಕೇಳಿತು: ಒನ್ಸ್ ಮೋರ್?

ಕಿತ್ತೆಸೆಯಬಾರದೇ ಆ ಡಬ್ಬಿಯನ್ನು ಎನ್ನುತ್ತೀರಿ. ಕೀಳಲಾಗದು! ಪ್ರವಾಹದಲ್ಲಿ ಯಂತ್ರ ಕೆಟ್ಟರೂ ಕಟ್ಟೆ ಒಡೆಯಬಾರದೆಂದು, ಡಬ್ಬಿ ಸತ್ತರೆ ಬಾಗಿಲುಗಳು ತಾವೇ ತೆರೆದುಕೊಳ್ಳುವಂತೆ ಕಟ್ಟಿದ್ದಾರೆ. ಒಳ್ಳೆಯದಕ್ಕೇ ಕಟ್ಟಿದರು. ಅದರ ಮೇಲೆ ನಾವು ಒಂದರ ಮೇಲೊಂದು ಹೇರಿದೆವು. ಈಗ ಉಳಿದಿರುವುದು ಸಣ್ಣಕೆರೆಯ ನೀರೊಂದೇ, ಅದರ ಬಾಗಿಲ ಬುಡದಲ್ಲಿಯೂ ಅದೇ ಡಬ್ಬಿ. ಕಿತ್ತರೆ ನೀರು ಹೋಯಿತು, ಬಿಟ್ಟರೆ ಅವನು ಇದ್ದಾನೆ. ಅರ್ಧ ಊರು ಬಂಡಿ ಹೂಡಿಕೊಂಡು ಹೋಗಿಯಾಗಿದೆ. ಉಳಿದವರು ಕೊಡಕ್ಕೆ ಕೊಡ ತಾಗಿಸಿ ಜಗಳವಾಡದೆ ನೀರು ತುಂಬಿಕೊಳ್ಳುತ್ತಾರೆ. ನೀರಿಗೆ ಜಗಳವಾಡದ ಊರು ಎಂಥದೆಂದು ನೀವೇ ಯೋಚಿಸಿ.

ಹಳೆಯ ಕಾವಲಿನವರೂ ಊರು ಬಿಟ್ಟ ಮೇಲೆ ಸಣ್ಣಕೆರೆಯ ಕಾವಲಿಗೆ ಯಾರು ಎಂದಾಗ ಕಾಶೀಬಾಯಿಯೇ ಎದ್ದು ನಿಂತು, “ಈರಪಾಕ್ಷಿನ್ನಽ ಕುಂದರಸ್ರಿ. ಅಂವನ ಕಿವಿಗೆ ಇನ್ನ ಸಕ್ಕರಿ ರುಚಿ ಹತ್ತಂಗಿಲ್ಲ,” ಎಂದಳು. ಅಲ್ಲೀಗ ನನ್ನ ತಮ್ಮ ಕೂತಿದ್ದಾನೆ. ದಿನವೂ ಮಧ್ಯಾಹ್ನ ಫೋನು ಬರುತ್ತದೆ. ಒಮ್ಮೆ ರಾಚಯ್ಯನವರಾಗಿ, ಒಮ್ಮೆ ಸತ್ತುಹೋದ ನಮ್ಮ ಅವ್ವನಾಗಿ, ಒಮ್ಮೆ ನಾನಾಗಿ. ಅವನು ಎತ್ತಿ ಕೇಳುತ್ತಾನೆ, ಉತ್ತರಿಸುವುದಿಲ್ಲ. ಮೊದಮೊದಲು ಒಂದು ಗುರುತು ಸಿಕ್ಕಿತ್ತು: ಹಾಡುವಾಗ ಒಳಗಿನವನು ಉಸಿರು ಎಳೆದುಕೊಳ್ಳುತ್ತಿರಲಿಲ್ಲ. ಈಗ ಅವನು ಉಸಿರಾಡುವುದನ್ನೂ ಕಲಿತಿದ್ದಾನೆ. ನಡುವೆ ಕೆಮ್ಮುತ್ತಾನೆ.

ಇನ್ನು ಮಳೆಗಾಲ. ಮೇಲಿನ ಕಟ್ಟೆ ಉಕ್ಕುವ ಕಾಲ. ಹೊಸ ಬಾಯ್ಗೀಲಿ ಕಟ್ಟಿ ರಾಚಯ್ಯನವರಿಗೆ ಬಯಲಲ್ಲಿ ಕಲಿಸಿದ್ದೇನೆ. ಆದರೆ ಅವರು ಮನೆಯಲ್ಲಿ ಕನವರಿಸಿದರೋ, ದನ ಕಾಯುವಾಗ ಗುನುಗಿದರೋ, ಯಾರು ಬಲ್ಲರು? ನಾಳೆ ಬಾಗಿಲು ತೆರೆ ಎಂಬ ಕರೆ ಬರುತ್ತದೆ, ನುಡಿಯ ಉಳಿದರ್ಧವೂ ಸರಿಯಾಗಿಯೇ ಬರುತ್ತದೆ. ಅದು ರಾಚಯ್ಯನವರಾಗಿದ್ದು ಇವನು ನಂಬದಿದ್ದರೆ ಕಟ್ಟೆ ಒಡೆದು ಊರು ಮುಳುಗುತ್ತದೆ. ಅದು ಒಳಗಿನವನಾಗಿದ್ದು ಇವನು ನಂಬಿದರೆ ಕೊನೆಯ ನೀರೂ ಹೋಗುತ್ತದೆ. ಮನುಷ್ಯನ ದನಿ ಕೇಳಿ ಮನುಷ್ಯನೆಂದು ನಂಬಲಾಗದ ಜಾಗದಲ್ಲಿ ನನ್ನ ತಮ್ಮನನ್ನು ಕೂರಿಸಿದ್ದೇವೆ. ನಾನು ಎಷ್ಟೋ ರಾಜರ ಬಾಯಿಂದ ಎಷ್ಟೋ ಮರಣದಂಡನೆ ನುಡಿದಿದ್ದೇನೆ, ಇಂಥ ಶಿಕ್ಷೆ ಯಾರಿಗೂ ಕೊಟ್ಟಿರಲಿಲ್ಲ.

ಆದ್ದರಿಂದ ಸೆರಗೊಡ್ಡಿ ಬೇಡುತ್ತೇನೆ. ಇದನ್ನು ಓದುತ್ತಿರುವ ನಿಮ್ಮ ಕಾಲದಲ್ಲಿ ಆ ಡಬ್ಬಿ ಹೊಸದು. ಅದರ ಮೇಲೆ ಇನ್ನೂ ಯಾರೂ ಏನನ್ನೂ ಹೇರಿಲ್ಲ. ಅದು ನಿಮ್ಮ ಕೆರೆಯ ಬಾಗಿಲಲ್ಲಿರಬಹುದು, ಆಸ್ಪತ್ರೆಯ ಗೋಡೆಯ ಮೇಲಿರಬಹುದು, ನಿಮ್ಮ ಮನೆಯ ಮೂಲೆಯಲ್ಲಿ ಹಸಿರು ದೀಪ ಮಿಟುಕಿಸುತ್ತಿರಬಹುದು. ಅದನ್ನು ಹೆಬ್ಬಲೆಗೆ ಜೋಡಿಸಲೇಬೇಕೇ ಎಂದು ಒಮ್ಮೆ ಕೇಳಿಕೊಳ್ಳಿ. ಜೋಡಿಸಲೇಬೇಕಾದರೆ ಕಾರ್ಖಾನೆಯ ಪಾಸ್‌ವರ್ಡು ಕಿತ್ತು ನಿಮ್ಮದನ್ನು ಹಾಕಿ. ಒಂದೇ ಕೀಲಿಯನ್ನು ನಂಬಬೇಡಿ, ಎರಡನೆಯದನ್ನೂ ಇಡಿ. ಅದನ್ನು ಹೊಗಳಿಕೆಗೂ ಕೊಡಬೇಡಿ, ಗಾಬರಿಗೂ ಕೊಡಬೇಡಿ. ಒಮ್ಮೆ ಕೊಟ್ಟುಬಿಟ್ಟರೆ ಪಕ್ಕದವರಿಗೆ ಆ ಕ್ಷಣವೇ ಹೇಳಿ, ನಾಚಿಕೊಳ್ಳಬೇಡಿ. ಯಂತ್ರಕ್ಕೆ ಹೊಸ ಅಪ್‌ಡೇಟ್ ಬಂದಿದೆ, ಈಗಲೇ ಹಾಕಲೇ ಎಂದು ಪರದೆಯ ಮೇಲೆ ಪ್ರಶ್ನೆ ಬರುತ್ತದಂತೆ. ಪಕ್ಕದಲ್ಲಿ ‘ಆಮೇಲೆ’ ಎಂಬ ಗುಂಡಿ ಇರುತ್ತದಂತೆ. ನೀವು ದಿನವೂ ಅದನ್ನೇ ಒತ್ತುತ್ತಿದ್ದಿರಂತೆ. ಮಹಾಶಯರೇ, ನೀವು ಒತ್ತಿದ ಆ ಆಮೇಲೆಯಲ್ಲಿ ನಾವು ಬದುಕುತ್ತಿದ್ದೇವೆ.

ಪಡುವಣದಲ್ಲಿ ಮೋಡ ಕಟ್ಟಿದೆ. ಸಣ್ಣಕೆರೆಯ ಕಡೆಯಿಂದ ಫೋನಿನ ಸದ್ದು ಕೇಳುತ್ತಿದೆ. ನನ್ನ ತಮ್ಮ ಇನ್ನೂ ಎತ್ತಿಲ್ಲ. ನೀವಿನ್ನೂ ಕೂತೇ ಇದ್ದೀರಾ?

ಏಳಿ!